ಕುರು ಎದ್ದರೆ ನಾಚಿಕೆ ಬೇಡ



ಎಮ್ಮೆಗೆ ಬಾವು ಬಂದರೆ ತಕ್ಷಣ ನಮಗೆ ಹೇಳಿ ಕಳಿಸುತ್ತೀರಿ. ನಿಮ್ಮ ತೊಡೆಸಂದಿಯಲ್ಲೋ ಕುಂಡೆಯ ಮೇಲೋ ಕುರು ಎದ್ದರೆ ಮಾತ್ರ ನಾಚಿಕೆ, ಜೊತೆಗೆ ಖರ್ಚಿನ ಭಯ; ಹಾಲು ಕರೆಯಲು ಕೂರಲಾಗದಿದ್ದರೂ ಬಾಯಿ ಬಿಡುವುದಿಲ್ಲ. ದೇವಸುಗೂರು ಕಡೆ ದನದ ಇಂಜೆಕ್ಷನ್ ಕೇಳಿದವರೂ ಇದ್ದಾರೆ. ಅದು ಮನುಷ್ಯರಿಗಲ್ಲ, ಕೊಡುವುದಿಲ್ಲ.

ಕುರು ಚಿಕ್ಕದಿದ್ದಾಗ ಶುದ್ಧ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ದಿನಕ್ಕೆ 3-4 ಸಲ ಹತ್ತು ನಿಮಿಷ ಹದವಾದ ಶಾಖ ಕೊಡಿ. ಹಿಸುಕಬೇಡಿ, ಬ್ಲೇಡು ತಾಗಿಸಬೇಡಿ. ಕೀವು ತುಂಬಿದ ಮೇಲೆ ಬರೀ ಗುಳಿಗೆ ಸಾಲದು, ಔಷಧಿ ಕೀವಿನ ಚೀಲದೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ವೈದ್ಯರು ಜಾಗವನ್ನು ಮರಗಟ್ಟಿಸಿ, ಸಣ್ಣದಾಗಿ ಕೊಯ್ದು ಕೀವು ತೆಗೆಯಬೇಕು. ಕೀವು ಹೋದರೆ ನೋವೂ ಬಹುಪಾಲು ಇಳಿಯುತ್ತದೆ.

ಇಷ್ಟಕ್ಕೆ ವಿಮೆ ಬೇಕಿಲ್ಲ. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಹೋಗಿ ಚೀಟಿ ಮಾಡಿಸಿ. ಜ್ವರ ಬಂದರೆ, ಕೆಂಪು ಹರಡಿದರೆ, ಸಕ್ಕರೆ ಕಾಯಿಲೆಯಿದ್ದರೆ, ಕುರು ಗುದದ್ವಾರದ ಬಳಿಯಿದ್ದರೆ ಒಂದು ದಿನವೂ ತಡೆಯಬೇಡಿ. ದೊಡ್ಡ ಶಸ್ತ್ರಚಿಕಿತ್ಸೆಗಳಿಗೆಂದು ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ನಡುವೆ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ನೋಂದಣಿಯ ಬಗ್ಗೆ ಸಂಘದ ಕಾರ್ಯದರ್ಶಿಯನ್ನು ಕೇಳಿ.

ಇನ್ನೊಂದು ಮಾತು. ಕುರುವಿಗೆ ಸಾಮಾನ್ಯವಾಗಿ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ರೋಗಾಣು ಕೆಚ್ಚಲು ಬಾವನ್ನೂ ತರುತ್ತದೆ. ಗಾಯದ ಪಟ್ಟಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕೆಚ್ಚಲಿಗೆ ಹಚ್ಚಬೇಡಿ.