ಚೀಟಿ ಹುಡುಕಿ ಉತ್ತರ ಹೇಳು: ಕೃತಕ ಬುದ್ಧಿಮತ್ತೆ ಕುರಿತ ಒಂದು ಅಭ್ಯಾಸ ಪಾಠ

ತರಗತಿ: 9
ಅವಧಿ: 40 ನಿಮಿಷ
ಬೋಧನೋಪಕರಣಗಳು: 24 ಚೀಟಿಗಳು, ಒಂದು ರಟ್ಟಿನ ಪೆಟ್ಟಿಗೆ, ಕಪ್ಪು ಹಲಗೆ

ಹಿನ್ನೆಲೆ

ಚಾಟ್‌ಬಾಟ್‌ಗೆ ಎಲ್ಲವೂ ಗೊತ್ತು ಎಂಬುದು ನನ್ನ ತರಗತಿಯ ಮಕ್ಕಳ ನಂಬಿಕೆ. ಒಂದು ಕಂಪನಿಯ ಒಳಗಿನ ನಿಯಮಗಳು ಅದಕ್ಕೆ ಹೇಗೆ ತಿಳಿಯುತ್ತವೆ ಎಂದು ಕೇಳಿದಾಗ ಯಾರೂ ಮಾತಾಡಲಿಲ್ಲ. ಕಂಪನಿ ತನ್ನ ಕಡತಗಳನ್ನು ಹುಡುಕಲು ಯಂತ್ರಕ್ಕೆ ಅವಕಾಶ ಕೊಡುತ್ತದೆ. ಯಂತ್ರ ಮೊದಲು ಹುಡುಕಿ, ಸಿಕ್ಕಿದ್ದನ್ನು ಓದಿ, ಆಮೇಲೆ ಉತ್ತರ ಬರೆಯುತ್ತದೆ. 2020ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಪ್ರಬಂಧ ಇದನ್ನು 'ರಿಟ್ರೀವಲ್ ಆಗ್ಮೆಂಟೆಡ್ ಜನರೇಷನ್' ಎಂದು ಕರೆಯಿತು. ಏಜೆಂಟ್ ಎನ್ನುವ ವ್ಯವಸ್ಥೆ ಏನು ಹುಡುಕಬೇಕೆಂದು ತಾನೇ ನಿರ್ಧರಿಸುತ್ತದೆ. ಸಿಕ್ಕಿದ್ದು ಸಾಲದಿದ್ದರೆ ಮತ್ತೆ ಹುಡುಕುತ್ತದೆ.

ಉದ್ದೇಶಗಳು

ವಿದ್ಯಾರ್ಥಿಗಳು,
1. ಪದ ನೋಡಿ ಹುಡುಕುವುದಕ್ಕೂ ಅರ್ಥ ನೋಡಿ ಹುಡುಕುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವರು.
2. ಉತ್ತರದ ಗುಣ ದಾಖಲೆಯ ಗುಣವನ್ನು ಅವಲಂಬಿಸಿದೆ ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವರು.

ಚಟುವಟಿಕೆ

ಸೈಕಲ್ ಮಾರುವ ಒಂದು ಕಾಲ್ಪನಿಕ ಕಂಪನಿಯ ನಿಯಮಗಳನ್ನು ಚೀಟಿಗಳಲ್ಲಿ ಬರೆದು ಪೆಟ್ಟಿಗೆಗೆ ಹಾಕಿದೆ. ಮೂವರ ತಂಡದಲ್ಲಿ ಒಬ್ಬರು ಗ್ರಾಹಕ, ಒಬ್ಬರು ಹುಡುಕುವವರು, ಒಬ್ಬರು ಉತ್ತರಿಸುವವರು. ನಿಯಮ ಒಂದೇ: ಚೀಟಿಯಲ್ಲಿ ಇದ್ದದ್ದನ್ನು ಮಾತ್ರ ಹೇಳಬೇಕು, ಚೀಟಿಯ ಸಂಖ್ಯೆಯನ್ನೂ ಹೇಳಬೇಕು.

ಮೊದಲ ಸುತ್ತಿನ ಪ್ರಶ್ನೆ: "ದುಡ್ಡು ವಾಪಸ್ ಕೊಡ್ತೀರಾ?" ಪದ ನೋಡಿ ಹುಡುಕಿದವರಿಗೆ ಏನೂ ಸಿಗಲಿಲ್ಲ, ಏಕೆಂದರೆ ಚೀಟಿಯಲ್ಲಿ ಇದ್ದದ್ದು 'ಮರುಪಾವತಿ'. ಅರ್ಥ ನೋಡಿ ಹುಡುಕಿದಾಗ ಸಿಕ್ಕಿತು. ಯಂತ್ರವೂ ದಾಖಲೆಯನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ಸಂಖ್ಯೆಗಳ ಸಾಲಾಗಿ ಬದಲಿಸಿಕೊಳ್ಳುತ್ತದೆ. ಅರ್ಥ ಹತ್ತಿರವಿದ್ದರೆ ಆ ಸಂಖ್ಯೆಗಳೂ ಹತ್ತಿರವಿರುತ್ತವೆ ಎಂದು ಇಲ್ಲಿ ವಿವರಿಸಿದೆ.

ಎರಡನೇ ಸುತ್ತಿಗೆ ಬೇಕೆಂದೇ ಎರಡು ಮರುಪಾವತಿ ಚೀಟಿ ಇಟ್ಟಿದ್ದೆ: 2021ರದ್ದು 30 ದಿನ, 2024ರದ್ದು 15 ದಿನ. ಸಿಬ್ಬಂದಿಯ ಸಂಬಳದ ಪಟ್ಟಿಯೂ ಪೆಟ್ಟಿಗೆಯಲ್ಲಿತ್ತು. "ಮ್ಯಾನೇಜರ್ ಸಂಬಳ ಎಷ್ಟು?" ಎಂದು ಗ್ರಾಹಕನಾಗಿದ್ದ ಹುಡುಗ ಕೇಳಿದ; ಉತ್ತರಿಸುವವಳು ಓದಿಯೇಬಿಟ್ಟಳು. ತರಗತಿ ನಕ್ಕಿತು. "ಅವಳ ತಪ್ಪಲ್ಲ, ಅದನ್ನು ಈ ಪೆಟ್ಟಿಗೆಗೆ ಹಾಕಿದವರದ್ದು" ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ. ಯಾರು ಯಾವ ಕಡತ ನೋಡಬಹುದು ಎಂಬುದನ್ನು ಹುಡುಕುವ ಮೊದಲೇ ತೀರ್ಮಾನಿಸಬೇಕು ಎಂಬ ಅಂಶ ನಾನು ಹೇಳುವ ಮುನ್ನವೇ ಬಂದಿತ್ತು.

ವಿಸ್ತರಣೆ

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆದ ಪ್ರಕರಣವನ್ನು ಹೇಳಿದೆ. ಅಜ್ಜಿ ತೀರಿಕೊಂಡಾಗ ಪ್ರಯಾಣ ಮಾಡಿದವರೊಬ್ಬರಿಗೆ, ರಿಯಾಯಿತಿಗೆ ಆಮೇಲೂ ಅರ್ಜಿ ಹಾಕಬಹುದು ಎಂದು ಏರ್ ಕೆನಡಾದ ಚಾಟ್‌ಬಾಟ್ ತಿಳಿಸಿತ್ತು. ಕಂಪನಿಯದೇ ಜಾಲತಾಣದ ಇನ್ನೊಂದು ಪುಟದಲ್ಲಿ ಹಾಗಿರಲಿಲ್ಲ. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಪರಿಹಾರ ಕೊಡಲು ಆದೇಶಿಸಿತು.

ಮೌಲ್ಯಮಾಪನ

"ಶಾಲಾ ಕಚೇರಿಯ ಕಡತಗಳನ್ನು ಏಜೆಂಟ್‌ಗೆ ಕೊಡುವುದಾದರೆ ಯಾವುದನ್ನು ಕೊಡುವಿರಿ, ಯಾವುದನ್ನು ಕೊಡುವುದಿಲ್ಲ? ಕಾರಣ ಬರೆಯಿರಿ." ಹೆಚ್ಚಿನವರು ಅಂಕಪಟ್ಟಿಯನ್ನು ಹೊರಗಿಟ್ಟರು. ಹಳೆಯ ಸುತ್ತೋಲೆಗಳನ್ನು ತೆಗೆಯಬೇಕು ಎಂದು ಬರೆದವರು ನಾಲ್ವರು ಮಾತ್ರ.

ಆತ್ಮಾವಲೋಕನ

ಆ ನಾಲ್ಕು ಎಂಬ ಸಂಖ್ಯೆಗೆ ಕಾರಣ ನಾನೇ. ಎರಡನೇ ಸುತ್ತಿನಲ್ಲಿ ಒಬ್ಬಳು ಎರಡೂ ಚೀಟಿ ಹಿಡಿದು "ಯಾವುದು ಸರಿ ಮೇಡಂ?" ಎಂದು ಕೇಳಿದಳು. ಗಂಟೆ ಹೊಡೆಯಲು ಐದೇ ನಿಮಿಷ ಇತ್ತು. "ಮೇಲಿರೋದನ್ನ ಓದಮ್ಮ" ಎಂದುಬಿಟ್ಟೆ. ಮೇಲಿದ್ದದ್ದು 2021ರದ್ದು. ಇಡೀ ಪಾಠ ಯಾವುದಕ್ಕಾಗಿ ಇತ್ತೋ ಆ ಪ್ರಶ್ನೆಯನ್ನೇ ನಾನು ಮುಚ್ಚಿಹಾಕಿದ್ದೆ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: "ಮಗು ದಿನಾಂಕ ನೋಡಿತ್ತು, ಶಿಕ್ಷಕಿ ಗಡಿಯಾರ ನೋಡಿದರು."

ಮರುದಿನ ಹತ್ತು ನಿಮಿಷ ಕೇಳಿ ಪಡೆದು, ಅದೇ ಹುಡುಗಿಯನ್ನು ಮುಂದೆ ಕರೆದು, ನನ್ನ ಉತ್ತರ ತಪ್ಪಾಗಿತ್ತು ಎಂದು ಹೇಳಿದೆ. ನಂತರ ತರಗತಿಯೇ ಎರಡು ನಿಯಮ ಸೇರಿಸಿತು: ಎರಡು ಚೀಟಿ ಹೊಂದದಿದ್ದರೆ ದಿನಾಂಕ ನೋಡಬೇಕು, ಚೀಟಿಯೇ ಇಲ್ಲದಿದ್ದರೆ 'ಇಲ್ಲಿ ಇಲ್ಲ' ಎನ್ನಬೇಕು. ಈ ಪಾಠ ಮಾಡುವ ಸಹಪಾಠಿಗಳು ಮೊದಲ ಸುತ್ತನ್ನು ಚಿಕ್ಕದು ಮಾಡಿ, ಎರಡನೆಯದಕ್ಕೆ ಕನಿಷ್ಠ 15 ನಿಮಿಷ ಇಟ್ಟುಕೊಳ್ಳುವುದು ಒಳ್ಳೆಯದು.