ಬಿಸಿನೀರಿನ ಗ್ಯಾಸ್ ಬಾಯ್ಲರ್: ಸೋರುವ ವಾಲ್ವ್‌ಗೆ ಮುಚ್ಚಳ ಹಾಕ್ಬೇಡಿ

ಇನ್ನಂಜೆಯ ನಮ್ಮ ಶೆಡ್ಡಿನಲ್ಲಿ ಅಣಬೆಗೆ ಬೈಹುಲ್ಲು ಬೇಯಿಸಲು 200 ಲೀಟರಿನ ಗ್ಯಾಸ್ ಬಾಯ್ಲರ್ ಇದೆ. ಹುಲ್ಲಿಗೆ 80 ಡಿಗ್ರಿ ನೀರು ಬೇಕು, ಗುಳ್ಳದ ಬೀಜೋಪಚಾರಕ್ಕೆ 50 ಡಿಗ್ರಿಯಲ್ಲಿ 25 ನಿಮಿಷ. ಮೊದಲು ಬಚ್ಚಲಿನ ಹಂಡೆಗೆ ಮಡಲು ಉರಿಸಿ ಇದನ್ನೆಲ್ಲ ಮಾಡ್ತಿದ್ದೆವು. ಹೊಗೆ ಕುಡಿದು ಸಾಕಾಗಿ ಬಾಯ್ಲರ್ ತಂದೆ.

ತಂದು ಮೂರು ವಾರಕ್ಕೆ ಬಾಯ್ಲರಿನ ಮೇಲಿದ್ದ ಹಿತ್ತಾಳೆ ವಾಲ್ವ್‌ನಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ನಾನು ಮಲ್ಲಿಗೆ ಕೊಟ್ಟು ಬರಲು ಶಂಕರಪುರಕ್ಕೆ ಹೋಗಿದ್ದೆ. ವಾಪಸ್ ಬಂದಾಗ ಫಿಟ್ಟಿಂಗ್ ಮಾಡಿದವರು ಖುಷಿಯಲ್ಲೇ ಹೇಳಿದರು: "ವಾಲ್ವ್ ಸೋರ್ತಾ ಉಂಟು ಮಾರಾಯ್ರೆ, ಎಂಡ್ ಕ್ಯಾಪ್ ಹಾಕಿ ಬಂದ್ ಮಾಡಿದ್ದೇನೆ." ಒಂದು ಹನಿಯೂ ಇರಲಿಲ್ಲ. ನಾನೂ ಥ್ಯಾಂಕ್ಸ್ ಹೇಳಿ ಕಳಿಸಿದೆ. ಆ ಕ್ಯಾಪ್ ಎರಡು ದಿನ ಹಾಗೇ ಇತ್ತು, ಎರಡೂ ದಿನ ಬಾಯ್ಲರ್ ಉರಿದಿದೆ. ತೋಟಗಾರಿಕೆ ಓದಿದವನು ನಾನು, ಪ್ಲಂಬಿಂಗ್ ಅಲ್ಲ. ಮೂರನೇ ದಿನ ಮ್ಯಾನುಯಲ್ ತೆಗೆದು ಓದಿದಾಗ ಕೈಕಾಲು ತಣ್ಣಗಾಯಿತು.

ಹಂಡೆಗೂ ಬಾಯ್ಲರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಹಂಡೆಯ ಬಾಯಿ ತೆರೆದಿರುತ್ತದೆ. ಎಷ್ಟು ಉರಿಸಿದರೂ ನೀರು 100 ಡಿಗ್ರಿಗೆ ಕುದಿದು ಆವಿ ಹೋಗ್ತದೆ, ಅಷ್ಟೆ. ಬಾಯ್ಲರ್ ಮುಚ್ಚಿದ ಪಾತ್ರೆ. ನೀರು 27 ಡಿಗ್ರಿಯಿಂದ 80ಕ್ಕೆ ಏರಿದರೆ ಶೇ. 2.5ರಷ್ಟು ಹಿಗ್ಗುತ್ತದೆ, ಅಂದರೆ 200 ಲೀಟರಿಗೆ ಸುಮಾರು 5 ಲೀಟರ್. ಈ 5 ಲೀಟರ್ ಎಲ್ಲಿಗಾದರೂ ಹೋಗಲೇಬೇಕು. ಓವರ್‌ಹೆಡ್ ಟ್ಯಾಂಕಿನಿಂದ ನೇರ ಬರುವ ಲೈನಾದರೆ ವಾಪಸ್ ಟ್ಯಾಂಕಿಗೇ ತಳ್ಳುತ್ತದೆ. ನಮ್ಮಲ್ಲಿ ಶೆಡ್ ಎತ್ತರದಲ್ಲಿದೆ, ಹಾಗಾಗಿ ಪ್ರೆಶರ್ ಪಂಪು ಮತ್ತು ನಾನ್ ರಿಟರ್ನ್ ವಾಲ್ವ್ ಹಾಕಿದ್ದೆವು. ಹಿಂದೆ ಹೋಗುವ ದಾರಿ ಬಂದ್. ಒತ್ತಡ ಏರಿದಾಗೆಲ್ಲ ರಿಲೀಫ್ ವಾಲ್ವ್ ತೆರೆದು ಆ ನೀರನ್ನು ಹೊರಹಾಕುತ್ತಿತ್ತು. ವಾಲ್ವ್ ಹಾಳಾಗಿರಲಿಲ್ಲ, ತನ್ನ ಕೆಲಸ ಮಾಡ್ತಿತ್ತು.

ಕ್ಯಾಪ್ ಹಾಕಿದ ಮೇಲೆ ಥರ್ಮೋಸ್ಟಾಟ್ ಕೈಕೊಟ್ಟಿದ್ದರೆ? ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಏರುತ್ತದೆ, ಪ್ರೆಶರ್ ಕುಕ್ಕರಿನ ಹಾಗೆ. ಗೇಜ್ 3 ಕೆಜಿ ತೋರಿಸುವಾಗ ನೀರು 140 ಡಿಗ್ರಿ ದಾಟಿದ ಮೇಲಷ್ಟೇ ಕುದಿಯುವುದು. ಆಗ ಟ್ಯಾಂಕಿನ ಒಂದು ವೆಲ್ಡಿಂಗ್ ಬಿಟ್ಟರೂ ಒತ್ತಡ ಒಮ್ಮೆಲೇ ಇಳಿದು, ಆ ನೀರಿನ ಒಂದು ಪಾಲು ಕ್ಷಣದಲ್ಲಿ ಆವಿಯಾಗುತ್ತದೆ. ಒಂದು ಲೀಟರ್ ನೀರು ಸುಮಾರು 1600 ಲೀಟರ್ ಆವಿ. ಸ್ಫೋಟ ಎನ್ನುವುದು ಇದನ್ನೇ. ಶೆಡ್ಡಿನಲ್ಲಿ ಬೆಳಿಗ್ಗೆ ಹುಲ್ಲು ತುಂಬುವುದು ನನ್ನ ಅಮ್ಮ.

ಸರಿಯಾದ ಜೋಡಣೆ ಹೀಗೆ. ಒತ್ತಡ ಮತ್ತು ಉಷ್ಣತೆ ಎರಡಕ್ಕೂ ತೆರೆಯುವ ವಾಲ್ವ್ (ಅಂಗಡಿಯಲ್ಲಿ ಟಿಪಿಆರ್ ಅಂತ ಕೇಳಿ) ಟ್ಯಾಂಕಿನ ಮೇಲ್ಭಾಗದಲ್ಲೇ ಇರಬೇಕು, ಅದರ ಕಡ್ಡಿ ಮೇಲಿನ 15 ಸೆಂಟಿಮೀಟರ್ ಬಿಸಿನೀರಿನೊಳಗೆ ಮುಳುಗಿರಬೇಕು. ವಾಲ್ವ್ ಮೇಲೆ ಬರೆದ ಒತ್ತಡ ಟ್ಯಾಂಕಿನ ಪ್ಲೇಟಿನಲ್ಲಿರುವ ವರ್ಕಿಂಗ್ ಪ್ರೆಶರ್‌ಗಿಂತ ಹೆಚ್ಚಿರಬಾರದು. ಟ್ಯಾಂಕಿಗೂ ವಾಲ್ವ್‌ಗೂ ನಡುವೆ ಯಾವ ಗೇಟ್ ವಾಲ್ವೂ ಬೇಡ. ಅದರಿಂದ ಹೊರಡುವ ಪೈಪು ವಾಲ್ವ್‌ನ ಬಾಯಿಗಿಂತ ಸಣ್ಣದಾಗಬಾರದು, ಉದ್ದಕ್ಕೂ ಇಳಿಜಾರಾಗಿ ಬಂದು ನೆಲದಿಂದ ಒಂದು ಗೇಣು ಮೇಲೆ, ಕಣ್ಣಿಗೆ ಕಾಣುವಲ್ಲಿ, ಯಾರೂ ನಡೆದಾಡದ ಕಡೆ ತೆರೆದುಕೊಳ್ಳಬೇಕು. ತುದಿಗೆ ಥ್ರೆಡ್ಡೇ ಇಡಬೇಡಿ. ಥ್ರೆಡ್ ಇದ್ದರೆ ಒಂದು ದಿನ ಯಾರೋ ಕ್ಯಾಪ್ ಹಾಕಿಯೇ ಹಾಕ್ತಾರೆ. ಮಾಮೂಲಿ ಪಿವಿಸಿ ಪೈಪು ಇಲ್ಲಿ ಬಿಸಿಗೆ ಮೆತ್ತಗಾಗ್ತದೆ. ಜಿಐ ಅಥವಾ ತಾಮ್ರ ಹಾಕಿ.

ತೊಟ್ಟಿಕ್ಕುವುದು ನಿಲ್ಲಬೇಕಿದ್ದರೆ ನಾನ್ ರಿಟರ್ನ್ ವಾಲ್ವ್ ಮತ್ತು ಬಾಯ್ಲರ್ ನಡುವಿನ ತಣ್ಣೀರಿನ ಲೈನಿಗೆ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಕೂರಿಸಬೇಕು. ನಾನು 18 ಲೀಟರಿನದು ಹಾಕಿದೆ. ಒಳಗೆ ರಬ್ಬರ್ ಚೀಲ, ಅದರ ಹೊರಗೆ ಗಾಳಿ. ನೀರಿನ ಲೈನಿಗೆ ಜೋಡಿಸುವ ಮೊದಲು ಗಾಳಿಯನ್ನು ತಣ್ಣೀರಿನ ಒತ್ತಡದಷ್ಟಕ್ಕೆ ಬೈಕ್ ಪಂಪಿನಲ್ಲೇ ತುಂಬಬಹುದು. ಅದಾದ ಮೇಲೆ ತೊಟ್ಟಿಕ್ಕುವುದು ನಿಂತಿದೆ.

ಇನ್ನು ಗ್ಯಾಸು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ಚರಂಡಿ, ಗುಂಡಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಹೊರಗೆ, ನೇರವಾಗಿ ನಿಂತಿರಲಿ, ಮತ್ತು ಗೋಡೆಯ ಬುಡದಲ್ಲೂ ಒಂದು ಕಿಂಡಿ ಇರಲಿ. ಐಎಸ್‌ಐ ಗುರುತಿನ ಸುರಕ್ಷಾ ಹೋಸನ್ನು 5 ವರ್ಷಕ್ಕೆ ಬದಲಿಸಿ. ಜಾಯಿಂಟ್ ಪರೀಕ್ಷೆಗೆ ಸಾಬೂನು ನೊರೆ ಮಾತ್ರ, ಬೆಂಕಿಕಡ್ಡಿ ಬೇಡವೇ ಬೇಡ. ಮಾರಾಟಕ್ಕೆ ಬೆಳೆಯುವ ಶೆಡ್ಡಿಗೆ ಮನೆಯ 14.2 ಕೆಜಿ ಸಿಲಿಂಡರ್ ಬಳಸುವ ಹಾಗಿಲ್ಲ, 19 ಕೆಜಿಯ ಕಮರ್ಶಿಯಲ್ಲೇ ಬೇಕು. ಸೋರಿಕೆಯ ತುರ್ತಿಗೆ 1906 ನಂಬರ್ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಗೋಬರ್ ಗ್ಯಾಸ್ ಇದ್ದವರು ಎಲ್‌ಪಿಜಿ ಬರ್ನರನ್ನು ಹಾಗೇ ಜೋಡಿಸಬೇಡಿ, ಅದಕ್ಕೆ ಜೆಟ್ ಬೇರೆ.

ನಮ್ಮ ಕರಾವಳಿಯಲ್ಲಿ ದೊಡ್ಡ ಅಪಾಯ ಮಳೆಗಾಲದ್ದು. ಆಟಿ ತಿಂಗಳಲ್ಲಿ ಎರಚಲು ಬರ್ತದೆ ಅಂತ ಶೆಡ್ಡಿಗೆ ಸುತ್ತ ಟಾರ್ಪಾಲ್ ಬಿಗಿಯುತ್ತೇವೆ. ಬರ್ನರಿಗೆ ಗಾಳಿ ಸಾಲದಾದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಮತ್ತೆ ಪ್ರಜ್ಞೆ ತಪ್ಪುವುದು. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇಟ್ಟ ಮನೆಗಳಲ್ಲಿ ಸಾವು ಆಗುವುದು ಹೀಗೆ. ಹೊಗೆ ಕೊಳವೆ ಹೊರಗೇ ಹೋಗಲಿ, ಮೇಲಿನ ಮತ್ತು ಕೆಳಗಿನ ಕಿಂಡಿಗಳನ್ನು ಟಾರ್ಪಾಲ್ ಮುಚ್ಚದಿರಲಿ. ನೀಲಿ ಜ್ವಾಲೆ ಹಳದಿಯಾದರೆ ಗ್ಯಾಸ್ ಬಂದ್ ಮಾಡಿ ಮೊದಲು ಹೊರಗೆ ಬನ್ನಿ.

ಕಾನೂನು ಕೇಳುವವರಿಗೆ: 100 ಡಿಗ್ರಿಗಿಂತ ಕೆಳಗೆ ನೀರು ಕಾಯಿಸುವ ಪಾತ್ರೆ ಬಾಯ್ಲರ್ ಕಾಯ್ದೆಗೆ ಬರುವುದಿಲ್ಲ. ಕುಚ್ಚಲಕ್ಕಿ ಮಿಲ್ಲಿನಂತೆ ಒತ್ತಡದ ಆವಿ ಮಾಡುವುದಾದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ವಿಚಾರಿಸಿ. ಗ್ಯಾಸ್ ಜೋಡಣೆಯನ್ನು ಮಾತ್ರ ಯಾವ ಕಾಯ್ದೆ ಇಲ್ಲದಿದ್ದರೂ ತರಬೇತಿ ಆದವರಿಂದಲೇ ಮಾಡಿಸಿ, ಯೂಟ್ಯೂಬ್ ನೋಡಿ ಬೇಡ.

ಮೊದಲ ಸಲ ಹಚ್ಚುವಾಗ ಬಿಸಿನೀರಿನ ನಲ್ಲಿ ತೆರೆದು, ಗಾಳಿ ಎಲ್ಲ ಹೋಗಿ ನೀರು ಧಾರೆಯಾಗಿ ಬಂದ ಮೇಲೆಯೇ ಉರಿ ಹಚ್ಚಿ. ಖಾಲಿ ಟ್ಯಾಂಕ್ ಉರಿಸಿದರೆ ಅಲ್ಲಿಗೇ ಮುಗೀತು. ಆರು ತಿಂಗಳಿಗೊಮ್ಮೆ ರಿಲೀಫ್ ವಾಲ್ವ್‌ನ ಲಿವರ್ ಎತ್ತಿ ನೋಡಿ; ನಮ್ಮ ಬಾವಿ ನೀರಿನಲ್ಲಿ ಕೆಂಪು ಕೆಸರು ಜಾಸ್ತಿ, ಮೇಲಿಂದ ಉಪ್ಪುಗಾಳಿ, ಹಾಗಾಗಿ ನಾನು ಮೂರು ತಿಂಗಳಿಗೆ ಎತ್ತುತ್ತೇನೆ. ಪೈಪಿನ ತುದಿಯಿಂದ ದೂರ ನಿಂತು ಎತ್ತಿ, ಬರುವುದು ಸುಡುನೀರು. ಲಿವರ್ ಬಿಟ್ಟ ಮೇಲೂ ಹರಿಯುತ್ತಿದ್ದರೆ ಇನ್ನೊಮ್ಮೆ ಎತ್ತಿ ಕಸ ತೊಳೆದು ಹೋಗಲು ಬಿಡಿ. ಆಗಲೂ ನಿಲ್ಲದಿದ್ದರೆ, ಅಥವಾ ಲಿವರ್ ಅಲುಗಾಡದೇ ಇದ್ದರೆ, ಗ್ಯಾಸ್ ಬಂದ್ ಮಾಡಿ, ನೀರು ತಣಿದ ಮೇಲೆ ಹೊಸ ವಾಲ್ವ್ ಹಾಕಿಸಿ.