ಹಿಮದ ಬೆಟ್ಟಕ್ಕೆ ಹೊರಟ ಮಗ

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಟ್ರೆಕ್ಕಿಂಗ್ ಹೊರಟಿದ್ದಾನೆ. ಹಿಮ ಕುಸಿದು ಜನ ಸತ್ತದ್ದನ್ನು ಟಿ.ವಿ.ಯಲ್ಲಿ ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ. ಹೋದರೆ ಊಟ ಬಿಡುತ್ತೇನೆ ಎಂದೆ. ಈಗ ಅವನು ಫೋನೇ ಮಾಡುತ್ತಿಲ್ಲ. ಮನೆಯವರು ‘ಸುಮ್ಮನಿರು’ ಎನ್ನುತ್ತಾರೆ. ನನ್ನದು ಅತಿಯಾಯಿತೇ?
– ಒಬ್ಬ ತಾಯಿ, ಗುಬ್ಬಿ

ಉತ್ತರ: ಅತಿಯಲ್ಲ ಅಮ್ಮ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಲುಕಿ ಜೀವಂತ ಸಿಕ್ಕ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾಡೇ ಹರಕೆ ಹೊತ್ತಿತ್ತು, ಅವರು ಉಳಿಯಲಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋದ, ಬಹುಪಾಲು ನಮ್ಮ ರಾಜ್ಯದವರೇ ಇದ್ದ 22 ಜನರ ತಂಡದಲ್ಲಿ 9 ಮಂದಿ ಮರಳಲಿಲ್ಲ. ಇದನ್ನೆಲ್ಲ ಕಂಡ ಹೆತ್ತ ಕರುಳು ಚುರುಕ್ ಎನ್ನದಿದ್ದೀತೆ? ‘ಸುಮ್ಮನಿರು’ ಎಂದ ಮಾತ್ರಕ್ಕೆ ಈ ಸಂಕಟ ಸುಮ್ಮನಾಗುವುದಿಲ್ಲ.

ಆದರೆ ಇವೆರಡೂ ಒಂದೇ ಬಗೆಯವಲ್ಲ. ಸಿಯಾಚಿನ್‌ನಲ್ಲಿ ಆದದ್ದು ಹಿಮಕುಸಿತ. ಸಹಸ್ರತಾಲ್‌ನಲ್ಲಿ ತಂಡವನ್ನು ಕಂಗೆಡಿಸಿದ್ದು ಹಿಮಗಾಳಿ, ಕೊರೆಯುವ ಚಳಿ. ಕೇದಾರಕಂಠ ಸುಮಾರು 12,500 ಅಡಿ, ದಾರಿಯ ಬಹುಪಾಲು ಕಾಡಿನೊಳಗೆ. ಹಿಮಕುಸಿತದ ಅಪಾಯ ಅಲ್ಲಿ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಹೊಸ ಹಿಮ ಜೋರಾಗಿ ಬಿದ್ದ ಒಂದೆರಡು ದಿನ, 30ರಿಂದ 45 ಡಿಗ್ರಿ ಕಡಿದಾದ ಇಳಿಜಾರು: ಇವೆರಡೂ ಕೂಡಿದ ಕಡೆ ಗಂಡಾಂತರ ಹೆಚ್ಚು. ಕಾಯುವುದು, ಬೇರೆ ದಾರಿ ಹಿಡಿಯುವುದು, ಹಿಂದಿರುಗುವುದು ಮನುಷ್ಯರ ಕೈಯಲ್ಲೇ ಇದೆ.

ಊಟ ಬಿಡುವ ಮಾತನ್ನು ಮಾತ್ರ ಇವತ್ತೇ ಕೈಬಿಡಿ. ಅದರಿಂದ ಮಗ ನಿಲ್ಲಲಿಕ್ಕಿಲ್ಲ, ಹೇಳದೆ ಹೋದಾನು. ಆಗ ನಿಮಗೆ ಇನ್ನೂ ಕಷ್ಟ.

ನೀವೇ ಫೋನ್ ಮಾಡಿ. ‘ಹಿಮ ಜಾಸ್ತಿ ಬಿದ್ರೆ ಏನ್ ಮಾಡ್ತೀರಪ್ಪಾ? ವಾಪಸ್ ಬರೋಣ ಅಂತ ತೀರ್ಮಾನ ಮಾಡೋರು ಯಾರು?’ ಎಂದು ಕೇಳಿ. ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ, ಅದನ್ನು ನೋಡುತ್ತಾರಾ ಎಂದೂ ವಿಚಾರಿಸಿ. ಗೈಡ್ ಹೆಸರು, ನಂಬರು, ಬೆಟ್ಟ ಇಳಿಯುವ ದಿನ ಬರೆದಿಟ್ಟುಕೊಳ್ಳಿ. ಮೇಲೆ ಸಿಗ್ನಲ್ ಸಿಗದೆ ಇರಬಹುದು. ಫೋನ್ ಬರಲಿಲ್ಲವೆಂದರೆ ಕೆಟ್ಟದ್ದಾಯಿತು ಎಂದಲ್ಲ.

ಕೊನೆಗೆ ಹೀಗೆ ಹೇಳಿ: ‘ದುಡ್ಡು ಹೋದ್ರೆ ಹೋಗ್ಲಿ, ಅರ್ಧ ದಾರಿಯಿಂದ ಬಂದ್ರೂ ನನಗೆ ಸಂತೋಷನೇ.’ ದುಡ್ಡು ಕಟ್ಟಾಯಿತು, ರಜೆ ಹಾಕಾಯಿತು, ಗೆಳೆಯರು ಏನೆಂದಾರು ಎಂಬ ಹಟದಲ್ಲಿ ಎಷ್ಟೋ ಹುಡುಗರು ಹವಾಮಾನ ಕೆಟ್ಟರೂ ಮುಂದೆ ನಡೆಯುತ್ತಾರೆ. ಅವಮಾನವಿಲ್ಲದೆ ಮರಳಬಹುದು ಎಂಬ ಧೈರ್ಯವನ್ನು ಅಮ್ಮನಷ್ಟು ಚೆನ್ನಾಗಿ ಯಾರೂ ಕೊಡಲಾರರು.

ಇಷ್ಟಾದರೂ ರಾತ್ರಿಗಳು ಹೀಗೇ ಕಳೆದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಉಚಿತ, ಕನ್ನಡದಲ್ಲೇ ಮಾತಾಡಬಹುದು. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು. ಹೋಗುವಾಗ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.